ಬಿ. ಜಯಶ್ರೀ: ಮುಖಕ್ಕಿಂತ ಮೊದಲು ಮನೆಮನೆಗೆ ಬಂದ ದನಿ

ನಿಮ್ಮ ಪ್ರಶ್ನೆ ಹೀಗಿದೆ: "ಬಿ. ಜಯಶ್ರೀ ಅವರನ್ನು ಒಂದೆರಡು ಸಿನಿಮಾಗಳಲ್ಲಿ ಮಾತ್ರ ನೋಡಿದ್ದೇನೆ. ಸಣ್ಣ ಪಾತ್ರಗಳು. ಅವರನ್ನು ಇಷ್ಟು ದೊಡ್ಡ ಕಲಾವಿದೆ ಎಂದು ಕೊಂಡಾಡುವುದೇಕೆ? ಅವರನ್ನು ಅರಿಯಬೇಕಾದರೆ ಎಲ್ಲಿಂದ ಆರಂಭಿಸಬೇಕು?"

ನೀವು ಅವರನ್ನು ಒಂದೆರಡು ಸಿನಿಮಾಗಳಲ್ಲಿ ಮಾತ್ರ ನೋಡಿರಬಹುದು, ಆದರೆ ಕೇಳಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಎಂಬತ್ತರ ದಶಕದ ಕನ್ನಡ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡುತ್ತ ಬೆಳೆದವರಾದರೆ ನಾಯಕಿ ಬಾಯಿ ತೆರೆದಾಗ ಎಷ್ಟೋ ಸಲ ನಿಮಗೆ ಕೇಳಿಸಿದ್ದು ಜಯಶ್ರೀ ಅವರ ದನಿ. ಹೊರರಾಜ್ಯಗಳಿಂದ ಬಂದು ಇಲ್ಲಿ ಮಿಂಚಿದ ಮಾಧವಿ, ಅಂಬಿಕಾ, ಜಯಪ್ರದಾ ಮೊದಲಾದವರಿಗೆ ಕನ್ನಡ ಕೊಟ್ಟವರು ಅವರು. ಹಾಗಾಗಿ ನನ್ನ ಉತ್ತರವನ್ನು ದನಿಯಿಂದಲೇ ಶುರು ಮಾಡುತ್ತೇನೆ. ಅವರ ಇಡೀ ಬದುಕನ್ನು ಆ ಎಳೆ ಹಿಡಿದೇ ಹೇಳಬಹುದು ಎಂಬುದು ನನ್ನ ನಂಬಿಕೆ.

ಜಯಶ್ರೀ ಹುಟ್ಟಿದ್ದು 1950ರ ಜೂನ್ 9ರಂದು, ಬೆಂಗಳೂರಿನಲ್ಲಿ. ತಾಯಿ ಜಿ. ವಿ. ಮಾಲತಮ್ಮ. ತಾಯಿಯ ತಂದೆ ಗುಬ್ಬಿ ವೀರಣ್ಣ. ಈ ಒಂದು ಹೆಸರಿನ ಹಿಂದೆ ಏನಿದೆ ಎಂದು ತಿಳಿಯದಿದ್ದರೆ ಮುಂದಿನದು ಪೂರ್ತಿ ಅರ್ಥವಾಗುವುದಿಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ಅಂದರೆ ವೀರಣ್ಣನವರು ಹುಟ್ಟುವುದಕ್ಕೂ ಏಳು ವರ್ಷ ಮೊದಲು. ಬಾಲನಟನಾಗಿ ಸೇರಿದ ಹುಡುಗ ಮುಂದೆ ಅದರ ಮಾಲೀಕನಾದ. 'ಕುರುಕ್ಷೇತ್ರ' ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದು ಜನರನ್ನು ಬೆರಗುಗೊಳಿಸಿದ. ಕನ್ನಡ ಸಿನಿಮಾದ ಅರ್ಧ ಇತಿಹಾಸ ಆ ಕಂಪನಿಯ ಅಂಗಳದಲ್ಲೇ ಇದೆ. ಮುತ್ತುರಾಜ ಎಂಬ ತರುಣ ರಾಜಕುಮಾರ್ ಆಗಿ ನಾಯಕಪಟ್ಟಕ್ಕೇರಿದ 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಬಳಗದ್ದೇ ನಿರ್ಮಾಣ. ಚಿತ್ರನಿರ್ದೇಶಕ ಜಿ. ವಿ. ಅಯ್ಯರ್, ಹಾಸ್ಯನಟ ನರಸಿಂಹರಾಜು ಬಂದದ್ದೂ ಅಲ್ಲಿಂದಲೇ. ಮುಂದೆ ದೊಡ್ಡ ರಂಗನಿರ್ದೇಶಕರಾದ ಬಿ. ವಿ. ಕಾರಂತರು ಹುಡುಗನಾಗಿ ಆ ಕಂಪನಿ ಸೇರಿದ್ದರು. ಅವರನ್ನು ಓದಲು ಬನಾರಸಿಗೆ ಕಳುಹಿಸಿದವರು ವೀರಣ್ಣ.

ಇಂಥ ಮನೆಯ ಮಗುವಿಗೆ ರಂಗಪ್ರವೇಶ ಎಂಬುದೊಂದು ಘಟನೆಯೇ ಅಲ್ಲ. ಬಣ್ಣದ ಡಬ್ಬಿ, ಪರದೆ, ಹಾರ್ಮೋನಿಯಂ ನಡುವೆಯೇ ಬಾಲ್ಯ ಕಳೆಯಿತು. ಚಿಕ್ಕಂದಿನಲ್ಲೇ ವೇಷ ಕಟ್ಟಿದ್ದಾಯಿತು. ಆದರೆ ನನಗೆ ಮುಖ್ಯವೆನಿಸುವುದು ಅಲ್ಲಿ ತಯಾರಾದ ಕಂಠ. ಕಂಪನಿ ನಾಟಕದ ನಟ ಮೈಕನ್ನು ನಂಬಿ ಕಲಿತವನಲ್ಲ. ನೆಲದ ಮೇಲೆ ಕುಳಿತವನಿಗೂ ಹಿಂದಿನ ಬೆಂಚಿನವನಿಗೂ ಒಂದೇ ಮಾತು ಒಂದೇ ತೂಕದಲ್ಲಿ ತಲುಪಬೇಕು. ಮಾತು ಏರುತ್ತ ಏರುತ್ತ ಕೊನೆಯ ಸ್ವರದಲ್ಲಿ ನಿಲ್ಲುತ್ತದೆ, ಕಾಲು ಹಾರ್ಮೋನಿಯಂ ಅದೇ ಶ್ರುತಿಯನ್ನು ಎತ್ತಿಕೊಳ್ಳುತ್ತದೆ, ಮಾತು ಎಲ್ಲಿ ಮುಗಿಯಿತು ಹಾಡು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವ ಮೊದಲೇ ಪಲ್ಲವಿ ಹೊರಟಿರುತ್ತದೆ. ಸಭೆ "ಒನ್ಸ್ ಮೋರ್" ಎಂದರೆ ಸತ್ತ ಪಾತ್ರವೂ ಎದ್ದು ಮತ್ತೆ ಹಾಡಬೇಕು. ಇದನ್ನು ತಮಾಷೆ ಮಾಡುವವರಿದ್ದಾರೆ. ಮಾಡಲಿ. ಆದರೆ ಹಾಡುವಾಗ ಅಭಿನಯ ಬಿಡದ, ಅಭಿನಯಿಸುವಾಗ ಶ್ರುತಿ ಬಿಡದ ತಲೆಮಾರೊಂದನ್ನು ಆ ಪದ್ಧತಿ ಬೆಳೆಸಿತು.

ಇಷ್ಟೆಲ್ಲ ಮನೆಯಲ್ಲೇ ಇದ್ದರೂ ಜಯಶ್ರೀ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಅಲ್ಲಿ ಆಗ ನಿರ್ದೇಶಕರಾಗಿದ್ದವರು ಇಬ್ರಾಹಿಂ ಅಲ್ಕಾಜಿ: ಶಿಸ್ತಿಗೆ, ಆಧುನಿಕ ರಂಗವಿನ್ಯಾಸಕ್ಕೆ ಹೆಸರಾದವರು. ಅಲ್ಲಿಂದ ಪದವಿ ಪಡೆದದ್ದು 1973ರಲ್ಲಿ. ಅದರ ಹಿಂದಿನ ವರ್ಷ, 1972ರಲ್ಲಿ, ತಾತ ತೀರಿಕೊಂಡಿದ್ದರು.

ಅವರು ಮರಳಿದಾಗ ಬೆಂಗಳೂರಿನಲ್ಲಿ ಹವ್ಯಾಸಿ ರಂಗಭೂಮಿ ಹುರುಪಿನಲ್ಲಿತ್ತು. ರವೀಂದ್ರ ಕಲಾಕ್ಷೇತ್ರ ಎಂಬ ರಂಗಮಂದಿರದ ಸುತ್ತ ಹೊಸ ನಾಟಕಕಾರರು, ಹೊಸ ನಿರ್ದೇಶಕರು, ಕಾಲೇಜು ಮೇಷ್ಟರುಗಳು, ಬ್ಯಾಂಕ್ ನೌಕರರು. ಆ ವಲಯದಲ್ಲಿ ಕಂಪನಿ ನಾಟಕ ಎಂದರೆ ಮೂಗು ಮುರಿಯುವ ಒಂದು ಗತ್ತೂ ಇತ್ತು: ಅತಿ ಅಭಿನಯ, ಅತಿ ಹಾಡು, ಅತಿ ಬಣ್ಣ. ದೆಹಲಿಯಲ್ಲಿ ಕಲಿತು ಬಂದವರೊಬ್ಬರು ಆ ಗತ್ತನ್ನು ಸುಲಭವಾಗಿ ಮೈಗೂಡಿಸಿಕೊಳ್ಳಬಹುದಿತ್ತು. ಜಯಶ್ರೀ ಹಾಗೆ ಮಾಡಲಿಲ್ಲ. 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. ತಾತನ ಕಂಪನಿಯ ಮಟ್ಟುಗಳು, ಜನಪದರ ಕುಣಿತ, ಆಧುನಿಕ ನಿರ್ದೇಶನದ ಬಿಗಿ, ಈ ಮೂರನ್ನೂ ಒಂದೇ ರಂಗದ ಮೇಲೆ ತಂದರು. 'ಲಕ್ಷಾಪತಿ ರಾಜನ ಕಥೆ'ಯಲ್ಲಿ ಜನಪದ ಕಥೆ ಹಾಡಿನ ಮೇಲೆಯೇ ಸಾಗುತ್ತದೆ. ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಬಂದ 'ಕರಿಮಾಯಿ'ಯಲ್ಲಿ ಕಥೆಯ ಊರಾದ ಶಿವಾಪುರ ಇಡಿಯಾಗಿ ರಂಗಕ್ಕೆ ನುಗ್ಗಿದಂತಿರುತ್ತದೆ. ಅದೇ ಕಾಲದಲ್ಲಿ ಕಾರಂತರೂ ತಮ್ಮದೇ ದಾರಿಯಲ್ಲಿ ಹಾಡನ್ನು ಆಧುನಿಕ ನಾಟಕಕ್ಕೆ ಮರಳಿಸುತ್ತಿದ್ದರು. ಇಬ್ಬರ ಬೇರೂ ಗುಬ್ಬಿಯಲ್ಲೇ ಇದ್ದದ್ದನ್ನು ಕಾಕತಾಳೀಯ ಎಂದು ಬದಿಗಿಡಲು ನನಗಂತೂ ಮನಸ್ಸಿಲ್ಲ.

ಆದರೆ ನನ್ನನ್ನು ಕೇಳಿದರೆ ಅವರ ಶಿಖರ 'ಸದಾರಮೆ'. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಈ ನಾಟಕ ಗುಬ್ಬಿ ಕಂಪನಿಯ ಗಲ್ಲಾ ತುಂಬಿಸಿದ ನಾಟಕಗಳಲ್ಲಿ ಒಂದು. ಅದರಲ್ಲಿ ವೀರಣ್ಣನವರದು ಕಳ್ಳನ ಪಾತ್ರ. ಅವರು ಎಷ್ಟೆಲ್ಲ ಪಾತ್ರ ಮಾಡಿದ್ದರೂ ಹಳಬರು ಮೊದಲು ನೆನೆಯುತ್ತಿದ್ದುದು ಆ ಕಳ್ಳನನ್ನೇ. ಸ್ಪಂದನ ಅದೇ ನಾಟಕವನ್ನು ಎತ್ತಿಕೊಂಡಾಗ ಮೊಮ್ಮಗಳು ನಾಯಕಿಯ ಸೀರೆ ಉಡಲಿಲ್ಲ. ಕಳ್ಳನಾಗಿ ಬಂದರು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ರಂಗಪರಂಪರೆಯಲ್ಲಿ ಹೆಣ್ಣೊಬ್ಬಳು ತಾತನ ಗಂಡುವೇಷ ತೊಟ್ಟು, ಅದೂ ಹಾಸ್ಯಪಾತ್ರದಲ್ಲಿ, ಸಭೆಯನ್ನು ಗೆಲ್ಲುವುದೆಂದರೆ ಸಣ್ಣ ಮಾತಲ್ಲ. ಹೋಲಿಕೆ ಮಾಡುವ ಹಿರಿಯರು ಮೊದಲ ಸಾಲಿನಲ್ಲೇ ಕುಳಿತಿರುತ್ತಾರೆ.

ಈ ಪಾತ್ರವನ್ನು ನಾನು ರಂಗದ ಮೇಲೆ ನೋಡಿದ್ದೇನೆ. ದನಿಯನ್ನು ಒತ್ತಾಯದಿಂದ ದಪ್ಪ ಮಾಡಿ ಗಂಡಸಿನಂತೆ ಮಾತನಾಡುವ ಪ್ರಯತ್ನ ಅಲ್ಲಿ ಇರಲೇ ಇಲ್ಲ. ಅವರ ದನಿಗೆ ತನ್ನದೇ ಆದ ಒರಟು, ತನ್ನದೇ ಆದ ಕಂಚಿನ ಗುಣ ಇದೆ. ಅದನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು, ಕಳ್ಳ ಪ್ರತ್ಯಕ್ಷ. ಸದಾರಮೆಯನ್ನು ಹೆದರಿಸುವಾಗ ಗುಡುಗು, ಅವಳನ್ನು ಒಲಿಸಿಕೊಳ್ಳಲು ಹೋದಾಗ ಅದೇ ಗುಡುಗಿನೊಳಗಿಂದ ಒಂದು ಪೆದ್ದು ಮಮತೆ. ಸಭೆ ನಗುವುದು ಆ ತಿರುವಿಗೆ. ಸಾಲು ಮುಗಿದ ಮೇಲೆ ನಗು ಇಳಿಯುವವರೆಗೆ ಕಾಯುವ ಒಂದು ಕ್ಷಣದ ಬಿಡುವಿದೆಯಲ್ಲ, ಅದನ್ನು ಯಾವ ಶಾಲೆಯೂ ಕಲಿಸಲಾರದು. ಅದು ಜನರ ಎದುರು ನಿಂತು ನಿಂತು ಬರುವಂಥದು.

ಇನ್ನು ಸಿನಿಮಾ. ಇಲ್ಲಿ ನನಗೊಂದು ತಕರಾರಿದೆ. ನಮ್ಮ ಚಿತ್ರರಂಗ ಅವರ ದನಿಯನ್ನು ಧಾರಾಳವಾಗಿ ಬಳಸಿಕೊಂಡಿತು, ಮುಖವನ್ನು ಜಿಪುಣತನದಿಂದ. ಕಂಠದಾನವೆಂದರೆ ಸುಲಭದ ಕೆಲಸ ಎಂದುಕೊಳ್ಳಬೇಡಿ. ತೆರೆಯ ಮೇಲೆ ತುಟಿ ಎಲ್ಲಿ ಮುಚ್ಚುತ್ತದೋ ಅಲ್ಲಿ ಪ, ಬ, ಮ ಬೀಳಬೇಕು. ನಟಿ ಭಾಷೆ ಬಾರದೆ ಸಾಲನ್ನು ಉರು ಹೊಡೆದು ಹೇಳಿರುತ್ತಾಳೆ, ಉಸಿರನ್ನು ಎಲ್ಲೋ ತಪ್ಪಾದ ಕಡೆ ಎಳೆದುಕೊಂಡಿರುತ್ತಾಳೆ. ಆ ಉಸಿರಿಗೂ ಕನ್ನಡದ ಅರ್ಥ ಹೊಂದಿಸಬೇಕು. ಕತ್ತಲ ಕೋಣೆಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಓಡುತ್ತಿರುವಾಗ ಅಳು, ಕೋಪ, ನಾಚಿಕೆ ಎಲ್ಲವನ್ನೂ ಇನ್ನೊಬ್ಬರ ಮುಖದ ಅಳತೆಗೆ ಕತ್ತರಿಸಿ ಕೊಡಬೇಕು. ಹಿಂದಿನ ಬೆಂಚಿಗೆ ಕೇಳಿಸಲು ತಯಾರಾದ ದನಿ ಇಲ್ಲಿ ಮೈಕಿನ ಮುಂದೆ ಪಿಸುಮಾತಿಗಿಳಿಯಬೇಕು. ಅವರು ಇಳಿದರು. ಕಂಪನಿ ಶೈಲಿಯವರಿಗೆ ಗಂಟಲು ಒಂದೇ, ಅದೂ ದೊಡ್ಡದು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇದರಲ್ಲೊಂದು ಸೊಗಸಾದ ಸಂಗತಿಯೂ ಇದೆ. ಅವರು ದನಿ ಕೊಟ್ಟ ಚಿತ್ರಗಳಲ್ಲಿ ಹೆಚ್ಚಿನವು ರಾಜಕುಮಾರ್ ಅವರವು. ರಾಜಕುಮಾರ್ ತಮ್ಮ ಮಾತಿನ ಸ್ಪಷ್ಟತೆಯನ್ನು ರೂಢಿಸಿಕೊಂಡದ್ದು ಕಂಪನಿ ನಾಟಕಗಳಲ್ಲಿ; ಅವರ ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರು. ಹಾಗಾದರೆ ತೆರೆಯ ಮೇಲೆ ನಾಯಕ ನಾಯಕಿ ಎದುರುಬದುರಾಗಿ ಮಾತನಾಡುವಾಗ ಕೇಳಿಸುತ್ತಿದ್ದ ಎರಡೂ ದನಿಗಳು ಒಂದೇ ಮನೆಯವು. ನಾವು ಆ ಕನ್ನಡವನ್ನು 'ಅಣ್ಣಾವ್ರ ಸಿನಿಮಾದ ಕನ್ನಡ' ಎಂದು ಮೆಚ್ಚಿಕೊಳ್ಳುತ್ತೇವೆ. ಅದರ ಅರ್ಧ ಪಾಲು ವೀರಣ್ಣನವರ ಮೊಮ್ಮಗಳಿಗೂ ಸಲ್ಲಬೇಕು.

ತೆರೆಯ ಮೇಲೆ ಅವರನ್ನು ಚೆನ್ನಾಗಿ ಬಳಸಿಕೊಂಡ ಚಿತ್ರ ಎಂದರೆ ನನಗೆ ಮೊದಲು ನೆನಪಾಗುವುದು ಟಿ. ಎಸ್. ನಾಗಾಭರಣ ಅವರ 'ನಾಗಮಂಡಲ' (1997). ಗಿರೀಶ ಕಾರ್ನಾಡರ ನಾಟಕದಿಂದ ಬಂದ ಚಿತ್ರ. ಅದರಲ್ಲಿ ಅವರದು ಕುರುಡವ್ವ. ಗಂಡನ ಪ್ರೀತಿ ಕಾಣದ ರಾಣಿಗೆ ವಶೀಕರಣದ ಬೇರು ಕೊಡುವವಳು. ಆ ಬೇರು ಹುತ್ತದ ಪಾಲಾಗಿ ನಾಗಪ್ಪನೇ ಒಲಿದು ಬರುವಲ್ಲಿಂದ ಕಥೆ ಬಿಚ್ಚಿಕೊಳ್ಳುತ್ತದೆ. ಕಣ್ಣಿನ ಅಭಿನಯಕ್ಕೆ ಅವಕಾಶವಿಲ್ಲದ ಪಾತ್ರ. ದನಿ ಮತ್ತು ಕೈಗಳಲ್ಲೇ ಎಲ್ಲವೂ ಆಗಬೇಕು. ಅಂಥ ಪಾತ್ರ ಅವರಿಗೇ ಹೋದದ್ದು ನ್ಯಾಯ. ಹಾಡಿನಲ್ಲಿ ಬೇಕೆಂದರೆ 'ನನ್ನ ಪ್ರೀತಿಯ ಹುಡುಗಿ'ಯ (2001) 'ಕಾರ್ ಕಾರ್' ಇದೆ. ಅಮೆರಿಕದ ಕಥೆಯ ನಡುವೆ ಹಳ್ಳಿಯ ಹೆಂಗಸಿನ ಬೆರಗಿನಂತೆ ನುಗ್ಗುವ ಆ ದನಿ ಮದುವೆಮನೆ, ಬಸ್ಸು, ಆರ್ಕೆಸ್ಟ್ರಾ ಎಲ್ಲ ಕಡೆ ಕೇಳಿತು. ಹಾಡಿದವರು ರಾಷ್ಟ್ರೀಯ ನಾಟಕ ಶಾಲೆಯ ಪದವೀಧರೆ ಎಂದು ಆ ಹಾಡಿಗೆ ಕುಣಿದವರಲ್ಲಿ ಎಷ್ಟು ಜನ ಯೋಚಿಸಿದ್ದಾರು!

ಪ್ರಶಸ್ತಿ, ಪದವಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2013ರಲ್ಲಿ ಪದ್ಮಶ್ರೀ. ಈ ಎರಡೂ ತಾತನಿಗೂ ಸಂದಿದ್ದವು. ಮೈಸೂರಿನ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣಕ್ಕೆ ನಿರ್ದೇಶಕಿಯಾಗಿದ್ದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಇವೆಲ್ಲ ಪರಿಚಯ ಭಾಷಣಕ್ಕೆ ಒಳ್ಳೆಯ ಸರಕು. ಅವರು ಯಾರೆಂಬುದು ಇದರಿಂದ ಅಷ್ಟೇನೂ ತಿಳಿಯುವುದಿಲ್ಲ.

ಸಿನಿಮಾದಲ್ಲೇ ನೆಲೆಯೂರಿದ್ದರೆ ಇನ್ನೂ ಹೆಸರು ಬರುತ್ತಿತ್ತಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಬರುತ್ತಿತ್ತೇನೋ. ಆದರೆ ನಮ್ಮ ಸಿನಿಮಾ ಆ ವಯಸ್ಸಿನ, ಆ ದನಿಯ ಹೆಂಗಸಿಗೆ ಕೊಡುತ್ತಿದ್ದುದು ತಾಯಿ, ಅತ್ತೆ, ಅಜ್ಜಿ. ರಂಗದ ಮೇಲೆ ಅವರು ಕಳ್ಳನಾಗಬಹುದಿತ್ತು, ತಂಡದ ಯಜಮಾನಿಯಾಗಬಹುದಿತ್ತು, ಇಡೀ ನಾಟಕಕ್ಕೆ ಮಟ್ಟು ಹಾಕಬಹುದಿತ್ತು, ಹೊಸ ಹುಡುಗ ಹುಡುಗಿಯರಿಗೆ ಗಂಟಲು ಬಿಚ್ಚುವುದನ್ನು ಹೇಳಿಕೊಡಬಹುದಿತ್ತು. ಇದರಲ್ಲಿ ಯಾವುದು ದೊಡ್ಡದು ಎಂಬ ಲೆಕ್ಕ ನನಗೆ ಕಷ್ಟವಾಗುವುದಿಲ್ಲ.

ಎಲ್ಲಿಂದ ಆರಂಭಿಸಬೇಕು ಎಂದಿರಿ. ಮೊದಲು 'ನಾಗಮಂಡಲ' ನೋಡಿ. ಆಮೇಲೆ ಮಾಧವಿ ನಾಯಕಿಯಾಗಿರುವ ರಾಜಕುಮಾರ್ ಚಿತ್ರವೊಂದನ್ನು ಹಾಕಿ, ಒಂದು ದೃಶ್ಯವನ್ನು ತೆರೆ ನೋಡದೆ ಬರೀ ಕೇಳಿ. ಅವರ ರಂಗಗೀತೆಗಳ ಧ್ವನಿಮುದ್ರಣ ಎಲ್ಲಿ ಸಿಕ್ಕರೂ ಬಿಡಬೇಡಿ. ಸ್ಪಂದನದ 'ಸದಾರಮೆ' ಅಥವಾ 'ಕರಿಮಾಯಿ' ಎಲ್ಲಾದರೂ ಪ್ರದರ್ಶನವಿದೆ ಎಂದು ತಿಳಿದರೆ ಮೊಬೈಲಿನಲ್ಲಿ ಯಾರಾದರೂ ಹಾಕುತ್ತಾರೆ ಎಂದು ಕಾಯದೆ ಟಿಕೆಟ್ ತೆಗೆದುಕೊಳ್ಳಿ. ಮುಂದಿನ ಸಾಲು ಸಿಗದಿದ್ದರೆ ಬೇಸರ ಬೇಡ, ಈ ನಾಟಕಗಳು ಹಿಂದಿನ ಸಾಲಿನವರನ್ನು ಮರೆಯುವುದಿಲ್ಲ.