ಡ್ಯೂಟಿಯಲ್ಲಿ ಗಾಯಗೊಂಡು ಕೆಲವು ತಿಂಗಳ ನಂತರ ತೀರಿಕೊಂಡ ನಮ್ಮ ತಂದೆಯ (ಪೊಲೀಸ್ ಎಎಸ್‌ಐ) ಪುತ್ಥಳಿಯನ್ನು ಊರ ಸರ್ಕಲ್ಲಿನಲ್ಲಿ ಇಡಿಸುವುದು ಹೇಗೆ?

ಪುತ್ಥಳಿ ಆಮೇಲೆ. ಪೋಸ್ಟ್‌ಮಾರ್ಟಂ ಆಗಿತ್ತಾ, ಅದನ್ನು ಮೊದಲು ಹೇಳಿ.

ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್. ರಾತ್ರಿ ನಾಕಾಬಂದಿಯಲ್ಲಿ ಮರಳು ಲಾರಿ ಗುದ್ದಿ ಸೊಂಟ ಮುರಿಯಿತು. ಆಪರೇಷನ್ ಆದರೂ ಹಾಸಿಗೆ ಬಿಟ್ಟು ಏಳಲಿಲ್ಲ. ಬೆನ್ನು ಹುಣ್ಣಾಗಿ, ನಂಜೇರಿ, ಮಳೆಗಾಲ ಮುಗಿಯೋ ಹೊತ್ತಿಗೆ ಹೋಗಿಬಿಟ್ಟರು. ಆಸ್ಪತ್ರೆಯವರು "ಆ್ಯಕ್ಸಿಡೆಂಟ್ ಕೇಸಾ? ಸ್ಟೇಷನ್‌ಗೆ ತಿಳಿಸಬೇಕಾ?" ಅಂತ ಕೇಳಿಯೇ ಕೇಳಿದರು. "ಇನ್ನು ಅವರನ್ನ ಕೊಯ್ಯೋದು ಬೇಡಪ್ಪಾ" ಅಂದರು ಅಮ್ಮ. "ಹಳೇದು ಬಿಡಿ ಸಾರ್" ಅಂದೆ ನಾನು.

ಆ ಒಂದು ಮಾತಿಗೆ ಏನೇನಾಯ್ತು ಕೇಳಿ. ಸಾವಿನ ಕಾರಣ ಹೃದಯ ಸ್ತಂಭನ ಅಂತ ಬರೆದರು. ಹೃದಯ ಎಲ್ಲರದೂ ನಿಲ್ಲುತ್ತೆ, ಯಾಕೆ ನಿಂತಿತು ಅನ್ನೋದು ಕಾಗದದಲ್ಲಿ ಇಲ್ಲವೇ ಇಲ್ಲ. ಪೋಸ್ಟ್‌ಮಾರ್ಟಂ (ಪಿಎಂ) ವರದಿ ಇದ್ದಿದ್ದರೆ ಐಪಿಸಿ 338ರ (ನಿರ್ಲಕ್ಷ್ಯದಿಂದ ತೀವ್ರ ಗಾಯ) ಕೇಸು 304ಎ (ನಿರ್ಲಕ್ಷ್ಯದಿಂದ ಸಾವು) ಆಗುತ್ತಿತ್ತು. ಆಗಲಿಲ್ಲ. "ಡ್ಯೂಟಿಯಲ್ಲಿ ಗಾಯ ಆಗಿದ್ದು ನಿಜ, ಅದರಿಂದಲೇ ಸತ್ತರು ಅನ್ನೋಕೆ ಏನಿದೆ?" ಅಂತ ಕಚೇರಿಯಲ್ಲಿ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಪಿಎಸ್‌ಐ ಮಲ್ಲಿಕಾರ್ಜುನ ಬಂಡೆಯವರಿಗೆ 2014ರ ಜನವರಿ 8ರಂದು ಗುಲ್ಬರ್ಗದ ಎನ್‌ಕೌಂಟರ್‌ನಲ್ಲಿ ತಲೆಗೆ ಗುಂಡು ಬಿತ್ತು, 15ಕ್ಕೆ ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಗಾಯಕ್ಕೂ ಸಾವಿಗೂ ಇರೋ ನಂಟನ್ನು ರಾಜ್ಯವೇ ಟಿವಿಯಲ್ಲಿ ನೋಡಿತ್ತು. ತಿಂಗಳುಗಟ್ಟಲೆ ಮಲಗಿ ಸಾಯೋ ಪೊಲೀಸರಿಗೆ ಆ ನಂಟನ್ನು ಕಾಗದವೇ ಹೇಳಬೇಕು.

ಅಕ್ಟೋಬರ್ 21ಕ್ಕೆ, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಸತ್ತ 10 ಪೊಲೀಸರ ನೆನಪಿನ ದಿನ, ಅಮ್ಮನನ್ನು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಆ ವರ್ಷ ದೇಶದಲ್ಲಿ ಹುತಾತ್ಮರಾದವರ ಪಟ್ಟಿ ಓದುತ್ತಾರಲ್ಲ, ಅಮ್ಮ ಅಪ್ಪನ ಫೋಟೋ ತೊಡೆ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಕರ್ನಾಟಕದ ಹೆಸರುಗಳು ಮುಗಿದವು. ಮೂರು ಸುತ್ತು ಕುಶಾಲತೋಪೂ ಹಾರಿತು. ಪಕ್ಕದ ಪೇದೆಯನ್ನು ಕೇಳಿದರು: "ಇನ್ನೂ ಓದ್ತಾರೇನಪ್ಪಾ?"

ಹಾಗಾಗಿ ಸರ್ಕಲ್ಲಿನ ಆಸೆ ಬಿಡಿ. ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪುತ್ಥಳಿಗೆ ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇನ್ನು ಶಾಸಕರ ಹಿಂದೆ ಅಲೆದು ಒಂದು ಹೇಗೋ ಇಡಿಸಿದಿರಿ ಅನ್ನಿ, ಅದರ ಕೆಳಗೆ ಶಾಸಕರ ಹೆಸರೇ ದೊಡ್ಡದಾಗಿರುತ್ತೆ. ಪಿಎಂ ಆಗಿಲ್ಲವಾದರೆ ಈ ವಾರವೇ ಆಸ್ಪತ್ರೆಯ ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ ತಗೊಳ್ಳಿ. ಸಾವಿಗೆ ಮೂಲ ಆ ಗಾಯವೇ ಅಂತ ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಬರೆಸಿಕೊಳ್ಳೋಕೆ ನೋಡಿ. ಎಫ್‌ಐಆರ್ ಪ್ರತಿ ಜೊತೆಗಿಟ್ಟು, ಹುತಾತ್ಮರ ಪಟ್ಟಿಗೆ ಸೇರಿಸಿ ಅಂತ ಎಸ್ಪಿಯವರ ಹೆಸರಿಗೆ ಅರ್ಜಿ ಕೊಡಿ. ಅರ್ಜಿ ತಲುಪಿದೆ ಅನ್ನೋ ಇನ್‌ವರ್ಡ್ ಸೀಲ್ ಬೀಳದೆ ಆಫೀಸಿಂದ ಆಚೆ ಬರಬೇಡಿ.