ಮೂತ್ರಪಿಂಡದ ದೀರ್ಘಕಾಲೀನ ಕಾಯಿಲೆ ಇರುವವರು ಉಪ್ಪು ಹಾಕಿದ ಕುರುಕಲು ತಿನ್ನಬಹುದೇ?

ಅಪರೂಪಕ್ಕೆ, ಅಳತೆಯಲ್ಲಿ ತಿನ್ನಬಹುದು. ಆದರೆ ಆ ದಿನದ ಊಟದಲ್ಲಿ ಅಷ್ಟೇ ಉಪ್ಪನ್ನು ಕಡಿಮೆ ಮಾಡಿಕೊಳ್ಳಬೇಕು. ಇಂತಹ ರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಎಂದರೆ ಎಲ್ಲ ಆಹಾರವೂ ಸೇರಿ ಸುಮಾರು 5 ಗ್ರಾಂ ಉಪ್ಪು.

ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ. ದುರ್ಬಲಗೊಂಡ ಮೂತ್ರಪಿಂಡಕ್ಕೆ ಅದು ಪೂರ್ತಿ ಸಾಧ್ಯವಾಗದೆ, ಉಳಿದ ಸೋಡಿಯಂ ನೀರನ್ನು ಹಿಡಿದಿಟ್ಟುಕೊಂಡು, ಕಾಲು ಊದಿಕೊಂಡು, ರಕ್ತದೊತ್ತಡ ಏರಿ, ಆ ಒತ್ತಡವೇ ಮೂತ್ರಪಿಂಡದೊಳಗಿನ ಸೂಕ್ಷ್ಮ ಸೋಸುನಾಳಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ಉಪ್ಪು ತಿಂದ ಮೇಲೆ ಬಾಯಾರಿಕೆಯೂ ಹೆಚ್ಚುವುದರಿಂದ, ನೀರಿನ ಮಿತಿ ಇರುವವರಿಗೆ ಕಷ್ಟ ಇಮ್ಮಡಿ.

ಪೊಟ್ಟಣದ ಹಿಂಬದಿಯ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ‘30 ಗ್ರಾಂಗೆ 170 ಮಿಲಿಗ್ರಾಂ ಸೋಡಿಯಂ’ ಎಂದು ಬರೆದಿದ್ದರೆ ಅದು ಅಲ್ಪವೆನಿಸುತ್ತದೆ. 150 ಗ್ರಾಂ ಪೊಟ್ಟಣ ಖಾಲಿ ಮಾಡಿದರೆ 850 ಮಿಲಿಗ್ರಾಂ ಒಳಗೆ ಹೋಗಿರುತ್ತದೆ. ಆದ್ದರಿಂದ ಒಂದು ಹಿಡಿಯಷ್ಟನ್ನು ಚಿಕ್ಕ ಬಟ್ಟಲಿಗೆ ಹಾಕಿಕೊಂಡು ಪೊಟ್ಟಣವನ್ನು ಎತ್ತಿಡುವುದು ಮೇಲು.

‘ಕಡಿಮೆ ಸೋಡಿಯಂ’ ಎಂಬ ಹೆಸರನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಅಂತಹ ಹಲವು ಉಪ್ಪುಗಳಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆಲೂಗಡ್ಡೆ ಚಿಪ್ಸ್‌ನಲ್ಲಿ ಉಪ್ಪಿಲ್ಲದಿದ್ದರೂ ಪೊಟ್ಯಾಸಿಯಂ ಸಾಕಷ್ಟಿರುತ್ತದೆ. ಉಪ್ಪು ಹಾಕದೆ ಮನೆಯಲ್ಲೇ ಅರಳಿಸಿ, ಕಾಳುಮೆಣಸಿನ ಪುಡಿ ಉದುರಿಸಿದ ಪಾಪ್‌ಕಾರ್ನ್ ಇವೆಲ್ಲಕ್ಕಿಂತ ವಾಸಿ. ಅದರ ಪ್ರಮಾಣವನ್ನು ನಿಮ್ಮ ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು ಅಥವಾ ಆಹಾರತಜ್ಞರು ಹೇಳಬೇಕು.