ಕಾಕಟೀಲ್‌ಗೆ ಯಾವ ಹಣ್ಣು, ತರಕಾರಿ ಕೊಡಬಹುದು? ಕೊಟ್ಟರೂ ಮುಟ್ಟದಿದ್ದರೆ ಏನು ಮಾಡುವುದು?

ನಿಮ್ಮ ಕಾಕಟೀಲ್‌ಗೆ (ತಲೆ ಮೇಲೆ ಜುಟ್ಟಿರುವ ಆ ಪುಟ್ಟ ಸಾಕುಗಿಳಿಗೆ) ಒಂದೂವರೆ ವರ್ಷ, ಬರೀ ನವಣೆ ಮತ್ತು ಸೂರ್ಯಕಾಂತಿ ಬೀಜ ತಿನ್ನುತ್ತದೆ, ಸೇಬಿನ ಚೂರು ಇಟ್ಟರೆ ಹೆದರಿ ಪಂಜರದ ಮೂಲೆಗೆ ಓಡುತ್ತದೆ ಎಂದು ಬರೆದಿದ್ದೀರಿ. ಯಾವುದು ಕೊಡಬಹುದು, ಯಾವುದು ವಿಷ ಎಂದು ಕೇಳಿದ್ದೀರಿ. ನಮ್ಮ ಮನೆಯ ಕಾಕಟೀಲ್ ಕಿಟ್ಟಿಗೆ ಈಗ ಏಳು ವರ್ಷ. ಮೊದಲ ಎರಡು ವರ್ಷ ಅವನೂ ಹೀಗೇ ಇದ್ದ. ನಿಮ್ಮ ಪ್ರಶ್ನೆ ಓದಿದಾಗ ಆ ದಿನಗಳೇ ನೆನಪಾದವು.

ವಿಷದ ವಿಷಯ ಮೊದಲು. ಬೆಣ್ಣೆಹಣ್ಣು, ಅಂದರೆ ಬಟರ್‌ಫ್ರೂಟ್, ಮನೆಗೆ ತಂದರೂ ಹಕ್ಕಿಯ ಹತ್ತಿರ ಬಿಡಬೇಡಿ. ಕೊಡಗು, ಚಿಕ್ಕಮಗಳೂರು ಕಡೆ ನೆಂಟರಿದ್ದರೆ ಚೀಲಗಟ್ಟಲೆ ಬರುತ್ತದೆ, ಜ್ಯೂಸ್ ಮಾಡಿ ಟೇಬಲ್ ಮೇಲೆ ಇಟ್ಟಿರುತ್ತೇವೆ. ಅದರಲ್ಲಿ ಪರ್ಸಿನ್ ಎಂಬ ವಿಷ ಇದೆ. ನಮಗೆ ಏನೂ ಮಾಡುವುದಿಲ್ಲ, ಹಕ್ಕಿಯ ಹೃದಯಕ್ಕೆ ಹೊಡೆತ ಕೊಡುತ್ತದೆ. ಬಡ್ಜಿ ಎಂಬ ಪುಟ್ಟ ಸಾಕುಗಿಳಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ 1 ಗ್ರಾಂ ತಿಂದವು ಚಡಪಡಿಸಿ ತಮ್ಮ ಗರಿ ತಾವೇ ಕಿತ್ತುಕೊಂಡವು. 8.7 ಗ್ರಾಂ ತಿಂದವು 48 ಗಂಟೆಯೊಳಗೆ ಸತ್ತವು. ಒಂದು ಚಮಚದಷ್ಟೂ ಬೇಡ ಎಂದಾಯಿತಲ್ಲ. ಎಲೆ, ಸಿಪ್ಪೆ, ಬೀಜ ಎಲ್ಲದರಲ್ಲೂ ಇದು ಇದೆ. ನಮ್ಮಲ್ಲಿ ಒಮ್ಮೆ ಕಿಟ್ಟಿ ಹಾರಿ ಬಂದು ಬಟರ್‌ಫ್ರೂಟ್ ಜ್ಯೂಸಿನ ಲೋಟದ ಅಂಚಿನಲ್ಲಿ ಕೂತುಬಿಟ್ಟಿದ್ದ. ಕೊಕ್ಕು ಒಳಗೆ ಹೋಗುವ ಮೊದಲೇ ನನ್ನ ತಂಗಿ ಹಿಡಿದಳು. ಅವತ್ತಿನಿಂದ ಆ ಹಣ್ಣು ತಿನ್ನುವುದಾದರೆ ಅವನು ಪಂಜರದೊಳಗೆ ಇದ್ದಾಗ ಮಾತ್ರ, ತಿಂದ ಮೇಲೆ ಕೈ ತೊಳೆದೇ ಅವನನ್ನು ಮುಟ್ಟುವುದು.

ಎರಡನೆಯದು ಕಾಫಿ, ಟೀ, ಚಾಕೊಲೇಟ್. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ತುಂಡು ಹಕ್ಕಿಗೆ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಅಭ್ಯಾಸ. ದಯವಿಟ್ಟು ಮನೆಯ ಹಿರಿಯರಿಗೆ ಕೂತು ವಿವರಿಸಿ. ಅಷ್ಟು ಚಿಕ್ಕ ಜೀವಕ್ಕೆ ಕೆಫೀನ್ ತಡೆಯುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಸಿಯದೂ ಬೇಡ, ಬೆಂದದ್ದೂ ಬೇಡ. ಹಾಗಾಗಿ ಪಲ್ಯ, ಚಿತ್ರಾನ್ನ, ಉಪ್ಪಿಟ್ಟು ಯಾವುದೂ ಇಲ್ಲ. ಅವುಗಳಲ್ಲಿ ಉಪ್ಪೂ ಜಾಸ್ತಿ. ಸೇಬು ಕೊಡಬಹುದು, ಬೀಜ ತೆಗೆಯಬೇಕು, ಅದರಿಂದ ಹೊಟ್ಟೆಯಲ್ಲಿ ಸಯನೈಡ್ ಹುಟ್ಟುತ್ತದೆ. ಸೀತಾಫಲದ ಬೀಜವೂ ವಿಷವೇ. ಹಸಿ ರಾಜ್ಮಾ, ಹಸಿ ಅವರೆಕಾಳು ಬೇಡ. ಟೊಮೆಟೊ ಗಿಡದ ಎಲೆ, ಕಾಂಡ, ಮೊಳಕೆ ಬಂದ ಆಲೂಗಡ್ಡೆ ಬೇಡ.

ತಿನ್ನುವ ವಿಷಯ ಅಲ್ಲದಿದ್ದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ನಾನ್‌ಸ್ಟಿಕ್ ದೋಸೆ ಕಾವಲಿ ಖಾಲಿ ಕಾದು ಹೊಗೆಯಾಡಿದರೆ ಆ ಹೊಗೆಗೇ ಹಕ್ಕಿ ಕೆಲವು ನಿಮಿಷದಲ್ಲಿ ಸಾಯಬಹುದು. ಅಡುಗೆಮನೆಯ ಹತ್ತಿರ ಪಂಜರ ಇದ್ದರೆ ಇವತ್ತೇ ಬೇರೆ ಕಡೆ ಇಡಿ. ನಾವು ಕಬ್ಬಿಣದ ಕಾವಲಿಗೆ ಬದಲಾಯಿಸಿಕೊಂಡೆವು.

ಈಗ ಕೊಡಬೇಕಾದದ್ದು. ಗಿಳಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸೀಬೆ ಮರದ ಮೇಲೆ ಕೂತು ಹಣ್ಣು ಕಚ್ಚುವ ಹಸಿರು ಗಿಳಿ, ಅಲ್ವಾ? ಕಾಕಟೀಲ್ ಆ ಜಾತಿಯ ಬದುಕು ಬದುಕಿದ್ದಲ್ಲ. ಅದು ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ನೆಲದ ಮೇಲೆ ಓಡಾಡುತ್ತ ಹುಲ್ಲಿನ ಬೀಜ ಆರಿಸಿ ತಿನ್ನುವುದು ಅದರ ಕ್ರಮ. ನಿಮ್ಮ ಹಕ್ಕಿ ಸೇಬು ಕಂಡು ಓಡಿಹೋಗುವುದು ಹಠ ಅಲ್ಲ. ಅದು ಊಟ ಎಂದೇ ಅದಕ್ಕೆ ಗೊತ್ತಿಲ್ಲ. ಮತ್ತೆ, ಅದಕ್ಕೆ ನಿಜಕ್ಕೂ ಬೇಕಾಗಿರುವುದು ಹಣ್ಣಿಗಿಂತ ಸೊಪ್ಪು ಮತ್ತು ಕಿತ್ತಳೆ ಬಣ್ಣದ ತರಕಾರಿ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕಿಟ್ಟಿಯನ್ನು ಕೊಂಡ ಅಂಗಡಿಯಲ್ಲಿ ಬೀಜ ಒಂದೇ ಸಾಕು ಎಂದಿದ್ದರು, ನಂಬಿದೆ. ಎರಡನೇ ವರ್ಷ ಅವನು ಪದೇ ಪದೇ ಸೀನಲು ಶುರುಮಾಡಿದ. ಮೂಗಿನ ತೂತಿನ ಸುತ್ತ ಒಣಗಿದ ಕಸ. ಶಿಳ್ಳೆ ಹೊಡೆಯುವುದು ನಿಂತಿತು. ಹಕ್ಕಿಗಳನ್ನು ನೋಡುವ ಡಾಕ್ಟರ್ ಬಾಯಿ ತೆರೆಸಿ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಅಲ್ಲಲ್ಲಿ ಬಿಳಿ ಚುಕ್ಕೆ. ಎ ವಿಟಮಿನ್ ಕೊರತೆ. ಬೀಜದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ಕೂಡ ಕಡಿಮೆ. ಸೂರ್ಯಕಾಂತಿಯಲ್ಲಂತೂ ಕೊಬ್ಬೇ ಜಾಸ್ತಿ. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತಿದ್ದೆ.

ನಮ್ಮ ಸಂತೆಯಲ್ಲೇ ಸಿಗುವ ಕ್ಯಾರೆಟ್, ಸಿಹಿಗುಂಬಳ, ಒಳಗೆ ಕಿತ್ತಳೆ ಬಣ್ಣ ಇರುವ ಗೆಣಸು, ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯ ಸೊಪ್ಪು ಎಲ್ಲ ಬಹಳ ಒಳ್ಳೆಯದು. ಗೆಣಸು, ಕುಂಬಳ ಬೇಯಿಸಿ ಕೊಡಿ, ಉಪ್ಪು ಒಗ್ಗರಣೆ ಬೀಳುವ ಮೊದಲೇ ಒಂದು ಚೂರು ಎತ್ತಿಟ್ಟರೆ ಆಯಿತು. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಪಾಲಕ್ ಮತ್ತು ದಂಟಿನ ಸೊಪ್ಪು ವಾರಕ್ಕೆ ಒಮ್ಮೆ ಸಾಕು, ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದುಕೊಳ್ಳುತ್ತದೆ. ಬೀನ್ಸ್, ದಪ್ಪ ಮೆಣಸಿನಕಾಯಿ, ಸೌತೆಕಾಯಿ, ಮೊಳಕೆ ಕಟ್ಟಿದ ಹೆಸರುಕಾಳು ಕೊಡಬಹುದು. ಮೊಳಕೆ ಲೋಳೆ ಬಂದಿದ್ದರೆ, ವಾಸನೆ ಇದ್ದರೆ ಎಸೆಯಿರಿ.

ಮೆಣಸಿನಕಾಯಿ ಕೊಡಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ. ನಮಗೆ ಖಾರ ಅನ್ನಿಸುವ ಕ್ಯಾಪ್ಸೈಸಿನ್ ಹಕ್ಕಿಗಳ ನರಕ್ಕೆ ತಟ್ಟುವುದೇ ಇಲ್ಲ. ಗಿಡದಲ್ಲೇ ಕೆಂಪಾದ ಮೆಣಸಿನಕಾಯಿ ಸೀಳಿಕೊಟ್ಟರೆ ಕಿಟ್ಟಿ ಎಷ್ಟೋ ಹೊತ್ತು ಒಂದೇ ಕಡೆ ನಿಂತು ಬೀಜ ಆರಿಸುತ್ತಾನೆ. ಅವನು ತಿಂದ ಮೇಲೆ ಆ ಕೊಕ್ಕು ನಿಮ್ಮ ಕಣ್ಣಿನ ಹತ್ತಿರ ಬರದಂತೆ ನೋಡಿಕೊಳ್ಳಿ ಅಷ್ಟೇ.

ಹಣ್ಣಿನಲ್ಲಿ ಪರಂಗಿ, ಮಾವು, ಸೀಬೆ, ದಾಳಿಂಬೆ, ಬೀಜ ತೆಗೆದ ಸೇಬು, ಬೀಜ ತೆಗೆದ ಸಪೋಟ, ಕಲ್ಲಂಗಡಿ. ದ್ರಾಕ್ಷಿಗೆ ಔಷಧಿ ಹೊಡೆದಿರುತ್ತಾರೆ, ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದೇ ಕೊಡಿ. ಆದರೆ ಅಳತೆ ಮುಖ್ಯ. ಕಾಕಟೀಲ್ ತೂಗುವುದು ಸುಮಾರು 90 ಗ್ರಾಂ. ಅದು 1 ಗ್ರಾಂ ಬಾಳೆಹಣ್ಣು ತಿಂದರೆ 60 ಕೆಜಿ ಇರುವ ನಾವು ಅರ್ಧ ಕೆಜಿಗಿಂತ ಜಾಸ್ತಿ ತಿಂದ ಹಾಗೆ. ಹೆಬ್ಬೆರಳಿನ ಉಗುರಿನಷ್ಟು ಚೂರು, ದಿನ ಬಿಟ್ಟು ದಿನ, ಸಾಕು. ತರಕಾರಿ ದಿನಕ್ಕೆ ಒಂದು ಟೀ ಚಮಚ.

ತಿನ್ನಿಸುವುದೇ ದೊಡ್ಡ ಕೆಲಸ. ನಾನು ಮೊದಲು ಬಟ್ಟಲಿನಲ್ಲಿ ತುರಿದ ಕ್ಯಾರೆಟ್ ಇಟ್ಟೆ. ಒಂದು ವಾರ ಅವನು ಆ ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕೊತ್ತಂಬರಿ ಕಟ್ಟನ್ನು ತೊಳೆದು, ನೀರು ಒದರದೆ, ಹಾಗೇ ಪಂಜರದ ಮೇಲಿನ ಕಂಬಿಗೆ ದಾರದಿಂದ ಕಟ್ಟಿದೆ. ಹತ್ತು ನಿಮಿಷ ಜುಟ್ಟು ನೆಟ್ಟಗೆ ಮಾಡಿಕೊಂಡು ದೂರದಿಂದ ನೋಡಿದ. ಒಂದು ಎಲೆಯ ತುದಿಯಲ್ಲಿ ನೀರಿನ ಹನಿ ತೂಗಾಡುತ್ತಿತ್ತು. ಮೆಲ್ಲಗೆ ಬಂದು ಆ ಹನಿಯನ್ನು ನಾಲಿಗೆಯಿಂದ ತೆಗೆದುಕೊಂಡ. ಇನ್ನೊಂದು ಹನಿ. ಆಮೇಲೆ ಒದ್ದೆ ಸೊಪ್ಪಿನೊಳಗೆ ತಲೆ ತೂರಿಸಿ ಸ್ನಾನ ಮಾಡಲು ಶುರು. ತಿನ್ನಲಿಲ್ಲ, ಚೂರು ಚೂರು ಮಾಡಿ ಬೀಳಿಸಿದ. ನಾಲ್ಕನೇ ದಿನ ಕೊಕ್ಕಿನ ಒಳಗೆ ಹಸಿರು ಅಂಟಿತ್ತು. ಅವತ್ತು ನಮ್ಮ ಮನೆಯಲ್ಲಿ ಹಬ್ಬ.

ಕ್ಯಾರೆಟ್‌ಗೆ ಬೇರೆ ದಾರಿ ಹುಡುಕಿದೆ. ನೆಲದಲ್ಲಿ ಆರಿಸಿ ತಿನ್ನುವ ಹಕ್ಕಿ ಅಲ್ವಾ? ಅಗಲ ತಟ್ಟೆಯಲ್ಲಿ ಸಣ್ಣಗೆ ತುರಿದ ಕ್ಯಾರೆಟ್, ಬೇಯಿಸಿದ ಕುಂಬಳ ಹರಡಿ, ಮೇಲೆ ನವಣೆ ಉದುರಿಸಿದೆ. ನವಣೆ ಆರಿಸಲು ಹೋದಾಗ ಕ್ಯಾರೆಟ್ಟೂ ಬಾಯಿಗೆ ಬರುತ್ತದೆ. ನಾನೂ ಪಕ್ಕದಲ್ಲಿ ಕೂತು ಕರುಂ ಕರುಂ ಎಂದು ಕ್ಯಾರೆಟ್ ತಿಂದೆ. ಗುಂಪಿನ ಹಕ್ಕಿ, ಜೊತೆಯವರು ತಿಂದರೆ ಧೈರ್ಯ ಬರುತ್ತದೆ. ಆದರೆ ನೀವು ಜಗಿದದ್ದನ್ನು ಕೊಡಬೇಡಿ, ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅದಕ್ಕೆ ಒಳ್ಳೆಯದಲ್ಲ. ಕ್ಯಾರೆಟ್ ಒಪ್ಪಿಕೊಳ್ಳಲು ಕಿಟ್ಟಿಗೆ ಇಪ್ಪತ್ತು ದಿನಕ್ಕೂ ಜಾಸ್ತಿ ಬೇಕಾಯಿತು.

ಹಸಿದರೆ ತಾನೇ ತಿನ್ನುತ್ತದೆ ಎಂದು ಬೀಜ ನಿಲ್ಲಿಸಬೇಡಿ. ಇಷ್ಟು ಚಿಕ್ಕ ಹಕ್ಕಿ ಉಪವಾಸ ತಡೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ತರಕಾರಿ ತಟ್ಟೆ, ಒಂದು ಗಂಟೆಯ ಮೇಲೆ ಎಂದಿನ ಬೀಜ, ಹೀಗೆ ಇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ವಾರಕ್ಕೆ ಎರಡು ಸಲ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಭಾಗ ಇಳಿದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪೆಲೆಟ್, ಅಂದರೆ ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ, ಅದರ ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಬೀಜದ ಜಾಗಕ್ಕೆ ನಿಧಾನವಾಗಿ ಅದನ್ನು ತರುವುದು ಒಳ್ಳೆಯದು.

ತರಕಾರಿ ತಿಂದ ಮೇಲೆ ಹಿಕ್ಕೆ ನೀರಾದರೆ ಗಾಬರಿ ಬೇಡ. ನೀರಿನ ಅಂಶ ಜಾಸ್ತಿ ಹೋಗಿದೆ ಅಷ್ಟೇ. ನಡುವಿನ ಗಟ್ಟಿ ಭಾಗ ಗಟ್ಟಿಯಾಗೇ ಇದೆಯಾ ನೋಡಿ. ಬೀಟ್ರೂಟ್ ಕೊಟ್ಟ ದಿನ ಕೆಂಪಗೆ ಇರುತ್ತದೆ. ನಾನು ರಕ್ತ ಎಂದುಕೊಂಡು ರಾತ್ರಿ ಹತ್ತಕ್ಕೆ ಡಾಕ್ಟರಿಗೆ ಫೋನ್ ಮಾಡಿದ್ದೆ. ಪಾಪ, ಸಮಾಧಾನವಾಗಿ ಕೇಳಿದರು, "ಇವತ್ತು ಏನು ತಿಂದಿದ್ದಾನೆ?" ಎಂದು. ಬಿಸಿಲುಗಾಲದಲ್ಲಿ ತಟ್ಟೆಯನ್ನು ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಹುಳಿ ಬರುತ್ತದೆ.

ಇದೇ ಪ್ರಶ್ನೆಯನ್ನು ಹಸಿರು ನಾಡಗಿಳಿಗಾಗಿ ಹುಡುಕಿ ಬಂದವರೂ ಇರಬಹುದು. ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೂಡಿನಿಂದ ಬಿದ್ದ ಮರಿ ಸಿಕ್ಕಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ನೀವು ನಾಳೆ ಕೊತ್ತಂಬರಿಯಿಂದಲೇ ಶುರು ಮಾಡಿ. ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ, ಅದು ಯಾವಾಗಲೂ ಕೂರುವ ಕಡ್ಡಿಯ ಹತ್ತಿರ ಕಟ್ಟಿ ನೀವು ಸ್ವಲ್ಪ ದೂರ ಹೋಗಿ ಕೂತುಕೊಳ್ಳಿ. ಹದಿನೈದು ದಿನ ಆದ ಮೇಲೆ ಏನಾಯಿತು ಎಂದು ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.